ಸಂತೆಯ ದಿನದ ಅಂಟಿನುಂಡಿ

ಇವತ್ತು ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದೆ. ಬೆಳಗಾವಿಯ ಚಳಿಗಾಲದ ಎಳೆಬಿಸಿಲು, ಕೈಗೆ ಕೆಲಸ, ಬಾಯಿಗೆ ಬಿಡುವು. ನನ್ನ ವಯಸ್ಸಿನ ಹೆಂಗಸಿಗೆ ಇದಕ್ಕಿಂತ ಹೆಚ್ಚಿನ ಸುಖ ಬೇಕಿಲ್ಲ. ಆಗ ಮೇಲಿನ ಮನೆಯಿಂದ ಒಂದು ವಾಸನೆ ಇಳಿದು ಬಂತು. ಕಾದ ತುಪ್ಪಕ್ಕೆ ಬಿದ್ದ ಅಂಟು ಪಟಪಟನೆ ಅರಳುವ ವಾಸನೆ. ಅದರ ಬೆನ್ನಿಗೇ ಹುರಿದ ಒಣಕೊಬ್ಬರಿ, ಉತ್ತತ್ತಿ, ಆಮೇಲೆ ಜಾಜಿಕಾಯಿ. ನನ್ನ ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ ಎಲೆಗಳನ್ನೆಲ್ಲ ಕಸಕ್ಕೆ ಹಾಕಿ ಕಡ್ಡಿಗಳನ್ನು ಬುಟ್ಟಿಯಲ್ಲಿ ಜೋಪಾನ ಮಾಡಿದ್ದೆ.

ನೀವು ನಮ್ಮ ಕಡೆಯವರಾದರೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲವಾದರೆ ಹೇಳುತ್ತೇನೆ, ಕೇಳಿ. ಇಲ್ಲಿ ಯಾವ ಮನೆಯಿಂದ ಈ ವಾಸನೆ ಬಂದರೂ ಆ ಮನೆಯಲ್ಲಿ ಯಾರೋ ಹಡೆದಿದ್ದಾರೆ ಎಂದೇ ಅರ್ಥ. ಬೇರೆ ಡಂಗುರ ಬೇಕಿಲ್ಲ. ಬಾಣಂತಿಯ ಸೊಂಟ ಗಟ್ಟಿಯಾಗಲಿ, ಬರಿದಾದ ಒಡಲಿಗೆ ಬಲ ಬರಲಿ ಎಂದು ತುಪ್ಪದಲ್ಲಿ ತಿನ್ನುವ ಮರದಂಟನ್ನು ಅರಳಿಸಿ, ಕೊಬ್ಬರಿ ಬೆಲ್ಲ ಕೂಡಿಸಿ ಉಂಡೆ ಕಟ್ಟುತ್ತಾರೆ. ಹಡೆದವಳು ಅದನ್ನು ತಿನ್ನಬೇಕು, ಬಂದವರಿಗೂ ಕೊಡಬೇಕು. ನಾನಾದರೋ ಹಡೆಯದೆಯೇ ಡಬ್ಬಿಗಟ್ಟಲೆ ಅಂಟಿನುಂಡಿ ತಿಂದವಳು. ಈ ಜಿಲ್ಲೆಯಲ್ಲಿ ಅಂಥವಳು ನಾನೊಬ್ಬಳೇ ಇರಬೇಕು.

ಇದು ಎರಡು ಸಾವಿರನೆಯ ಇಸವಿಯ ಆಚೀಚಿನ ಮಾತು. ಮನೆಯ ಫೋನಿಗೆ ಕೈಯಿಂದ ಹೆಣೆದ ಹೊದಿಕೆ ಹಾಕಿ, ದೇವರ ಪಟದ ಪಕ್ಕದಲ್ಲಿ ಇಡುತ್ತಿದ್ದ ಕಾಲ. ನಾನು ಬೆಳಗಾವಿಯ ಟೆಲಿಫೋನ್ ಆಫೀಸಿನಲ್ಲಿ, ನಂಬರು ಕೇಳಿದವರಿಗೆ ನಂಬರು ಹೇಳುವ ವಿಭಾಗದಲ್ಲಿದ್ದೆ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತರೆ ಇಡೀ ದಿನ ಮುಖವಿಲ್ಲದ ದನಿಗಳು. ಗಡಸು ದನಿಗೆ ದೊಡ್ಡ ಮೀಸೆ ಬರೆದುಕೊಳ್ಳುತ್ತಿದ್ದೆ, ಮೆಲುದನಿಗೆ ಹಸಿರು ಸೀರೆ ಉಡಿಸುತ್ತಿದ್ದೆ. ಕಣ್ಣಿಗೆ ಕಾಣದವರನ್ನು ಮನಸ್ಸಿನಲ್ಲಿ ಸಾಕುವ ಚಟ ಹತ್ತಿದ್ದು ಅಲ್ಲೇ. ಅದು ಮುಂದೆ ಎಲ್ಲಿಗೆ ಕರೆದೊಯ್ದಿತು ಎಂಬುದನ್ನೇ ನಿಮಗೆ ಹೇಳಹೊರಟಿದ್ದೇನೆ.

ಮದುವೆಯಾಗಿ ವರ್ಷಗಳು ಕಳೆದಿದ್ದವು, ಮಕ್ಕಳಾಗಿರಲಿಲ್ಲ. ನಮ್ಮ ಡಾಕ್ಟರು ಟಿಳಕವಾಡಿಯ ಹಳೆಯ ಬಂಗಲೆಯೊಂದರ ಮುಂಭಾಗದಲ್ಲಿ ದವಾಖಾನೆ ಇಟ್ಟುಕೊಂಡಿದ್ದ ವಯಸ್ಸಾದ ಹೆಣ್ಣುಮಗಳು. ಸ್ಕ್ಯಾನಿಂಗಿನ ದಿನ ಹೊಟ್ಟೆ ತುಂಬ ನೀರು ಕುಡಿದು ಕೂರಬೇಕು. ಹೊರಗಿನ ಬೆಂಚಿನ ಮೇಲೆ ನಾವು ಹೆಂಗಸರು ಸಾಲಾಗಿ ಬಾಟಲಿ ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ, ಕಾಲಿನ ಮೇಲೆ ಕಾಲು ಹಾಕಿ ಕೂರುತ್ತಿದ್ದೆವು. ಯಾರಾದರೂ ಕೆಮ್ಮಿದರೂ ಕಷ್ಟ, ನಗಿಸಿದರಂತೂ ಮುಗಿದೇ ಹೋಯಿತು. ನಾನು ಕಣ್ಣು ಮುಚ್ಚಿ ಊರೂರಿನ ಎಸ್‌ಟಿಡಿ ಕೋಡುಗಳನ್ನು ಹೇಳಿಕೊಳ್ಳುತ್ತಿದ್ದೆ. ನಮ್ಮ ರಾಜ್ಯ ಮುಗಿದು ಮಹಾರಾಷ್ಟ್ರಕ್ಕೆ ಕಾಲಿಡುವಷ್ಟರಲ್ಲಿ ನನ್ನ ಹೆಸರು ಕೂಗುತ್ತಿದ್ದರು.

"ತತ್ತಿ ಚಲೋ ಬೆಳದೈತಿ ನೋಡವಾ. ನಿಮ್ಮ ಯಜಮಾನರದೂ ಏನೂ ತೊಂದರಿ ಇಲ್ಲ," ಎಂದರು ಡಾಕ್ಟರು. "ಗರ್ಭಕೋಶದ ಒಳಗಿನ ಪದರ ಮಾತ್ರ ತೆಳುವು ಐತಿ. ತಿಂಗಳಾ ತಿಂಗಳಾ ಅದು ದಪ್ಪ ಆಗಬೇಕು, ಕೂಸು ನಿಂದ್ರಾಕ. ನಿನಗ ಆಗವಲ್ದು."

"ಎಷ್ಟ ತೆಳುವು ಐತ್ರಿ?"

ಅವರು ಔಷಧ ಬರೆಯುವ ಹಾಳೆಯೊಂದನ್ನು ಹರಿದು ಕಿಟಕಿಯ ಬೆಳಕಿಗೆ ಹಿಡಿದರು. ಆಚೆಯ ಮಾವಿನ ಮರ ಮಸುಕಾಗಿ ಕಾಣುತ್ತಿತ್ತು. "ಇಷ್ಟು ಅಂತ ತಿಳಕೋ. ನಮಗ ಕಂಬಳಿ ಬೇಕು."

ಸಣ್ಣ ಗುಳಿಗೆಗಳನ್ನು ಬರೆದುಕೊಟ್ಟರು. ಪದರ ಬೆಳೆಸಲು ಅವು. "ಕೆಲವ್ರಿಗೆ ಬೆಳೀತೈತಿ, ಕೆಲವ್ರಿಗೆ ಬೆಳಿಯೂದಿಲ್ಲ. ಯಾಕ ಅಂತ ನನಗೂ ಖರೇ ಗೊತ್ತಿಲ್ಲ," ಎಂದು ಸೇರಿಸಿದರು. ಆ ಮಾತಿನಿಂದಲೇ ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿತು.

ನಮ್ಮವರು ಭೂಮಾಪನ ಕಚೇರಿಯಲ್ಲಿ ಕೆಲಸಕ್ಕಿದ್ದರು. ಎಕರೆ ಗುಂಟೆಗಳಲ್ಲಿ ವ್ಯವಹರಿಸುತ್ತಿದ್ದ ಮನುಷ್ಯ ಈಗ ಮಿಲಿಮೀಟರಿಗೆ ಇಳಿದರು. ಸ್ಕ್ಯಾನಿಂಗಿನಿಂದ ಹೊರಬಂದ ಕೂಡಲೇ "ಎಷ್ಟು?" ಎನ್ನುವರು. ಕಳೆದ ತಿಂಗಳಿನಷ್ಟೇ ಎಂದರೆ, "ಕಡಿಮಿ ಅಂತೂ ಆಗಿಲ್ಲಲ್ಲ," ಎಂದು ಸ್ಕೂಟರು ಒದೆಯುವರು. ರಕ್ತ ಚೆನ್ನಾಗಿ ಹರಿಯಲೆಂದು ನಡೆಯಬೇಕಾಗಿತ್ತು. ಸಂಜೆ ನನ್ನನ್ನು ಕೋಟೆಗೆ ಕರೆದೊಯ್ದು ಕಂದಕದ ಗುಂಟ ನಡೆಸಿಕೊಂಡು, ಒಳಗೆ ಕಮಲ ಬಸದಿಯ ತಂಪಿನಲ್ಲಿ ಕೂರಿಸುತ್ತಿದ್ದರು. ಅಲ್ಲಿ ಒಳಗಿನ ಚಾವಣಿಯಲ್ಲಿ ಕಲ್ಲಿನ ಕಮಲವೊಂದು ತಲೆಕೆಳಗಾಗಿ ಅರಳಿ ತೂಗುತ್ತದೆ, ನೋಡಿದ್ದೀರಲ್ಲ? ಎಸಳಿನ ಒಳಗೆ ಎಸಳು. ನಾನು ಕತ್ತೆತ್ತಿ ನೋಡುತ್ತ, ಈ ಕಲ್ಲಿಗೇ ಎಷ್ಟೊಂದು ಪದರ ಕೊಟ್ಟಿದ್ದಾರಲ್ಲ ಎಂದು ಹೊಟ್ಟೆಕಿಚ್ಚು ಪಡುತ್ತಿದ್ದೆ. ಕಲ್ಲಿನ ಮೇಲೂ ಹೊಟ್ಟೆಕಿಚ್ಚು ಪಡಬಹುದು ಎಂದು ಆಗ ಗೊತ್ತಾಯಿತು.

ಅತ್ತೆ ಇದ್ದದ್ದು ಖಾನಾಪುರದಲ್ಲಿ, ಸ್ಟೇಷನ್ನಿಗೆ ಹತ್ತಿರದ ಓಣಿಯಲ್ಲಿ. ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದ ನನ್ನ ಮೈದುನ ಅವರ ಜೊತೆಗಿದ್ದ. ಅತ್ತೆಯದು ಗಿಡ್ಡ ಮೈ, ಉದ್ದ ನಾಲಿಗೆ. ಕನ್ನಡದಲ್ಲಿ ಬೈದು ಸಾಲದಿದ್ದರೆ ಮರಾಠಿಯಲ್ಲಿ ಮುಂದುವರಿಸುತ್ತಿದ್ದರು. ಒಂದು ರವಿವಾರ ಅವರು ಮೊರದಲ್ಲಿ ಅಕ್ಕಿ ಕೇರುತ್ತಿದ್ದಾಗ ನಮ್ಮವರು ಧೈರ್ಯ ಮಾಡಿದರು.

"ಅವ್ವಾ, ಡಾಕ್ಟರ್ ಅಂದ್ರು, ಒಳಗಿನ ಪದರ ತೆಳುವು ಐತಂತ."

"ಯಾರ ಒಳಗಿಂದು?"

"ಈಕೀದು."

ಅತ್ತೆ ಕೇರುವುದನ್ನು ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೊರಗ ಏನ ದಪ್ಪ ಐತಿ?" ಎಂದರು.

ಅಷ್ಟೇ ಎಂದುಕೊಂಡೆ. ಊಟವಾಗಿ ಎಲೆಯಡಿಕೆ ಹಾಕಿಕೊಳ್ಳುವಾಗ ತಾವಾಗಿಯೇ ಮಾತು ತೆಗೆದರು. "ಹಡದಾಕೀಗಿ ಅಂಟಿನುಂಡಿ ಯಾಕ ತಿನಸ್ತಾರ? ಖಾಲಿ ಆದ ಒಡಲಿಗೆ ಬಲಾ ಬರಲಿ ಅಂತ. ತುಂಬಿ ಖಾಲಿ ಆದ ಒಡಲಿಗೆ ಆಗತೈತಿ ಅಂದ್ರ, ತುಂಬಲಾರದ ಒಡಲಿಗೆ ಯಾಕ ಆಗೂದಿಲ್ಲ? ಮುಂದಿನ ಐತವಾರ ಬಾ, ಮಾಡಿ ಕೊಡ್ತೀನಿ."

ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದರಂತೆ ಎಂಬ ಗಾದೆ ನಿಮಗೆ ಗೊತ್ತಿದೆ. ಅದನ್ನು ಮಂದಿಗೆ ದಿನಕ್ಕೊಮ್ಮೆ ಹೇಳುತ್ತಿದ್ದವರೇ ನಮ್ಮ ಅತ್ತೆ. ಆದರೂ ಮಾತೆಂದರೆ ಮಾತು. ಮುಂದಿನ ರವಿವಾರ ಕೊಬ್ಬರಿ ತುರಿದು, ಉತ್ತತ್ತಿ ಕುಟ್ಟಿ, ಬಾಣಲೆಯಲ್ಲಿ ತುಪ್ಪ ಕಾಯಿಸಿದರು. ಎಲ್ಲವನ್ನೂ ಯೋಚಿಸಿದ್ದರು, ವಾಸನೆಯೊಂದನ್ನು ಬಿಟ್ಟು.

ಮೊದಲು ಬಂದವರು ಬಾಜೂ ಮನೆಯ ಮರಾಠಿ ಕಾಕೂ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಹೊಸ್ತಿಲು ದಾಟಿದರು. "ಕೋಣ ಬಾಳಂತ ಝಾಲೀ?" ಯಾರು ಹಡೆದರು ಎಂದು ಅವರ ಪ್ರಶ್ನೆ. ಉತ್ತರ ಬರುವಷ್ಟರಲ್ಲಿ ಎದುರು ಮನೆಯವರು ಬಂದರು, ಅವರ ಹಿಂದೆ ಇನ್ನಿಬ್ಬರು. ಒಬ್ಬರ ಕೈಯಲ್ಲಿ, ಬಾಣಂತಿಯ ನೀರಿಗೆ ಇರಲೆಂದು, ಬೇವಿನ ಸೊಪ್ಪು ಬೇರೆ. ಎಲ್ಲರೂ ಒಳಕೋಣೆಯ ಕಡೆ ಇಣುಕಿದರು. ಅಲ್ಲಿ ಬಾಣಂತಿ ಇರಲಿಲ್ಲ. ಒಲೆಯ ಮುಂದೆ ಹುಟ್ಟು ಹಿಡಿದು, ಚಪ್ಪಟೆ ಹೊಟ್ಟೆಯ ನಾನು ನಿಂತಿದ್ದೆ. ಅವರ ಕಣ್ಣುಗಳು ನನ್ನ ಹೊಟ್ಟೆಯ ಮೇಲೆ ಬಂದು ನಿಂತು, ಮೆಲ್ಲಗೆ ಬೇರೆ ಕಡೆ ಹೋದವು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಯಾರೂ ಹಡದಿಲ್ಲ," ಎಂದರು ಅತ್ತೆ. "ನನ್ನ ಸೊಂಟ ಹಿಡದೈತಿ. ನನಗ ನಾನ ಮಾಡಕೊಳ್ಳಾಕತ್ತೇನಿ. ಯಾಕ, ಮುದುಕಿ ತಿನ್ನಬಾರದೇನು?"

ಹೀಗೆಂದು ಸೊಂಟದ ಮೇಲೆ ಕೈಯಿಟ್ಟು, ನರಳುತ್ತ ಎದ್ದರು. ಮೂಟೆ ಅಕ್ಕಿಯನ್ನು ಒಬ್ಬರೇ ಎಳೆದು ಮೂಲೆಗಿಡುತ್ತಿದ್ದ ಹೆಂಗಸು ಅವತ್ತಿನಿಂದ ಓಣಿಯಲ್ಲಿ ನಡೆಯುವಾಗಲೆಲ್ಲ ಬಾಗಿ ನಡೆಯಬೇಕಾಯಿತು. ಹೊಸ್ತಿಲ ಆಚೆ ಸೊಂಟ ಹಿಡಿಯುವುದು, ಈಚೆ ಬಿಡುವುದು. ಕಾಕೂ ಪಾಪ ಎಣ್ಣೆ ತಂದು ತಿಕ್ಕಿಯೂ ಹೋದರು. ಅತ್ತೆ ಹಲ್ಲು ಕಚ್ಚಿ ತಿಕ್ಕಿಸಿಕೊಂಡರು.

ಆದರೆ ಒಂದು ಡಬ್ಬಿ ಉಂಡೆಯಿಂದ ಕಂಬಳಿ ಆಗುತ್ತದೆಯೇ? ತಿಂಗಳಾ ತಿಂಗಳಾ ಮಾಡಬೇಕೆಂದು ಅತ್ತೆಯ ತೀರ್ಮಾನ. ಓಣಿಯ ಮೂಗುಗಳಿಗೆ ಏನು ಮಾಡುವುದು? ಅದಕ್ಕೂ ಅವರೇ ದಾರಿ ಕಂಡುಕೊಂಡರು. ನಂದಗಡದ ಸಂತೆಯ ದಿನ ಓಣಿಯ ಹೆಂಗಸರೆಲ್ಲ ಚೀಲ ಹಿಡಿದು ಬಸ್ಸು ಹತ್ತುತ್ತಾರೆ. ಅತ್ತೆಯೂ ಸಂತೆ ತಪ್ಪಿಸಿದವರಲ್ಲ. ಒಣಮೆಣಸಿನಕಾಯಿಯ ಮುಂದೆ ಕೂತು ಚೌಕಾಸಿ ಮಾಡುವುದೇ ಅವರ ವಾರದ ಹಬ್ಬ. ತಿಂಗಳಿಗೊಮ್ಮೆ ಅದನ್ನು ಬಿಟ್ಟರು. ನಾನು ಆಫೀಸಿನಲ್ಲಿ ಪಾಳಿ ಬದಲಿಸಿಕೊಂಡು ಆ ದಿನ ಖಾನಾಪುರಕ್ಕೆ ಹೋಗುತ್ತಿದ್ದೆ. ಬಿಕೋ ಎನ್ನುವ ಓಣಿ, ಮುಚ್ಚಿದ ಬಾಗಿಲು, ಒಳಗೆ ಕಳ್ಳಬಟ್ಟಿ ಕಾಯಿಸುವವರಂತೆ ನಾವಿಬ್ಬರು. ಅಂಟನ್ನು ಮೊದಲು ಬಿಸಿಲಿಗೆ ಒಣಗಿಸಬೇಕು, ಚೂರು ಚೂರೇ ಹಾಕಬೇಕು, ಉರಿ ಹೆಚ್ಚಾದರೆ ಹೊರಗೆ ಅರಳಿ ಒಳಗೆ ಹಸಿ ಉಳಿಯುತ್ತದೆ. ಇವೆಲ್ಲ ಕಲಿತದ್ದು ಆ ಮಧ್ಯಾಹ್ನಗಳಲ್ಲಿ. ನಾವು ಹೆಚ್ಚು ಮಾತಾಡುತ್ತಿರಲಿಲ್ಲ. ಕಟ್ಟಿದ ಮೊದಲ ಉಂಡೆಯನ್ನು ಅತ್ತೆ ನನ್ನ ಬಾಯಿಗೇ ಇಡುತ್ತಿದ್ದರು, ನಾನು ಕೈ ಚಾಚಿದರೂ ಕೊಡುತ್ತಿರಲಿಲ್ಲ.

ಪರಿಣಾಮ ಆಯಿತೇ ಎಂದು ಕೇಳುತ್ತೀರಿ. ಆಯಿತು. ಕೆನ್ನೆ ಬಂತು, ತೋಳು ಬಂತು, ರವಿಕೆಗಳನ್ನು ಬಿಚ್ಚಿ ಹೊಲಿಸಬೇಕಾಯಿತು. ಒಳಪದರವೊಂದನ್ನು ಬಿಟ್ಟು ಉಳಿದ ಎಲ್ಲ ಪದರಗಳೂ ದಪ್ಪವಾದವು. "ಏನ ತಿನ್ನಾಕತ್ತೀಯವಾ?" ಎಂದು ಡಾಕ್ಟರು ಕೇಳಿದಾಗ ಹೇಳಿದೆ. ಅವರು ನಕ್ಕು, "ತಿನ್ನು. ಅದರಿಂದ ಕೇಡೂ ಇಲ್ಲ, ಪದರ ಬೆಳಿಯೂದೂ ಇಲ್ಲ," ಎಂದರು. ಆ ಮಾತನ್ನು ಅತ್ತೆಗೆ ಮುಟ್ಟಿಸಲು ನನಗೆ ಮನಸ್ಸಾಗಲಿಲ್ಲ.

ಸಂಜೆ ಲೋಂಡಾ ಕಡೆಯಿಂದ ಬರುವ ಪ್ಯಾಸೆಂಜರಿನಲ್ಲಿ ನಾನು ಬೆಳಗಾವಿಗೆ ಮರಳುತ್ತಿದ್ದೆ. ತೊಡೆಯ ಮೇಲೆ ಬಟ್ಟೆ ಸುತ್ತಿದ ಡಬ್ಬಿ, ಇನ್ನೂ ಬಿಸಿ. ಮೊದಲ ಸಲ ಹೀಗೆ ಬರುವಾಗ ಎದುರು ಸೀಟಿನಲ್ಲಿ ಒಬ್ಬ ಬಳೆಗಾರ ಹೆಂಗಸು ಕೂತಿದ್ದಳು. ನಂದಗಡದ ಸಂತೆ ಮುಗಿಸಿ ಬೆಳಗಾವಿಯ ತನ್ನ ಮನೆಗೆ ಹೊರಟವಳು. ಎಲ್ಲರೂ ಅವಳನ್ನು ಚಾಚಿ ಎನ್ನುತ್ತಿದ್ದರು. ಚಾಚಿ ಗಾಳಿಯನ್ನು ಮೂಸಿದಳು.

"ಅಂಟಿನುಂಡಿ ವಾಸನಿ ಬರಾಕತ್ತೇತಿ. ಬಾಣಂತಿ ಯಾರು ಬೇಟಿ?"

ಅಕ್ಕನೋ, ನೆರೆಯವರೋ ಎಂದುಬಿಟ್ಟರೆ ಮುಗಿಯುತ್ತಿತ್ತು. ನನ್ನ ಬಾಯಿ, "ನಾನ," ಎಂದಿತು.

"ಅಯ್ಯ! ಹಸೀ ಮೈಯಾಗ ಒಬ್ಬಾಕೀನ ತಿರಗಾಡ್ತೀಯಲ್ಲ! ಕೂಸೆಲ್ಲಿ?"

"ಬೆಳಗಾವ್ಯಾಗ ಐತ್ರಿ. ಅದರ ಅಜ್ಜಿ ಕಡೆ."

"ಗಂಡೋ, ಹೆಣ್ಣೋ?"

ಹೊರಗೆ ಇದಲಹೊಂಡದ ಗದ್ದೆಗಳ ಮೇಲೆ ಬೆಳಕು ಹಳದಿಯಾಗಿ ಮಲಗಿತ್ತು. ಡಬ್ಬಿಯ ಬಿಸಿ ಸೀರೆಯನ್ನು ದಾಟಿ ನನ್ನ ಹೊಟ್ಟೆಗೆ ತಾಗುತ್ತಿತ್ತು. ಯೋಚಿಸಲೇ ಇಲ್ಲ ನಾನು.

"ಹೆಣ್ಣು."

"ಮಾಶಾಲ್ಲಾ," ಎಂದಳು ಚಾಚಿ. "ಮೊದಲ ಹೆಣ್ಣು ಚಲೋ."

ಆ ಕ್ಷಣದಿಂದ ಮುಂದೆ ದೇಸೂರು ದಾಟುವವರೆಗೂ ನನಗೊಬ್ಬ ಮಗಳಿದ್ದಳು. ಅವಳ ಮುಖ ನನಗೆ ಸ್ಪಷ್ಟವಾಗಿ ಕಾಣಲಿಲ್ಲ, ಆದರೆ ತಲೆಯ ಮೇಲೆ ದಟ್ಟ ಕೂದಲು, ಮುಚ್ಚಿದ ಮುಷ್ಟಿ. ರೈಲು ತೂಗುತ್ತಿತ್ತು, ಅವಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಎಬ್ಬಿಸಬಾರದೆಂದು ನಾನು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆ. ಬೆಳಗಾವಿ ಬಂತು. ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿದರೆ ನನ್ನ ಕೈಯಲ್ಲಿ ಡಬ್ಬಿಯಿತ್ತು. ಮಗಳು ಇಳಿದಿರಲಿಲ್ಲ, ರೈಲಿನ ಜೊತೆ ಮಿರಜದ ಕಡೆ ಹೋಗಿಬಿಟ್ಟಿದ್ದಳು. ಎಷ್ಟು ಅಳು ಬಂತೆಂದರೆ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆಯುತ್ತಲೇ ನಿಂತೆ.

ಆದರೂ ಮುಂದಿನ ತಿಂಗಳು ಅದೇ ಬೋಗಿ ಹುಡುಕಿಕೊಂಡು ಹತ್ತಿದೆ. ಚಾಚಿ ನನಗಾಗಿ ಜಾಗ ಹಿಡಿದಿದ್ದಳು. "ಮಗ್ಗಲಾತೇನು?" ಎಂದಳು, ಕೂಸು ಪಕ್ಕಕ್ಕೆ ಹೊರಳಿತೇ ಎಂದು. ಆತು ಎಂದೆ. ಮುಂದೆ ಹಲ್ಲಿನ ವಿಚಾರ ಬಂತು. ನನಗೆ ಇಂಥವೆಲ್ಲ ಎಲ್ಲಿ ಗೊತ್ತು? ಆಫೀಸಿನಲ್ಲಿ ಮಕ್ಕಳೊಂದಿಗರನ್ನು ಕೇಳಿ ಕೇಳಿ ತಿಳಿದುಕೊಂಡೆ, ಯಾವ ತಿಂಗಳಿಗೆ ಅಂಬೆಗಾಲು, ಯಾವುದಕ್ಕೆ ಕೂರುವುದು ಎಂದು. ಸುಳ್ಳಾದರೇನು, ಸುಳ್ಳಿಗೂ ಒಂದು ಶಿಸ್ತು ಬೇಡವೇ? ಹೀಗೆ ದವಾಖಾನೆಯಲ್ಲಿ ಪದರ ಬೆಳೆಯದೆ ನಿಂತರೂ ರೈಲಿನಲ್ಲಿ ನನ್ನ ಮಗಳು ಚೆನ್ನಾಗಿ ಬೆಳೆಯುತ್ತಿದ್ದಳು. ನಡುವೆ ಒಂದು ತಿಂಗಳು ಡಾಕ್ಟರು ಪರದೆಯನ್ನು ನೋಡಿ, "ಸ್ವಲ್ಪ ಬೆಳದೈತಲ್ಲ!" ಎಂದಿದ್ದರು. ನಮ್ಮವರು ಅವತ್ತೇ ಕುಂದಾ ತಂದರು. ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತುಕೊಂಡೇ ಪೊಟ್ಟಣ ಖಾಲಿ ಮಾಡಿದೆವು. ತಿಂಗಳ ಕೊನೆಗೆ ಎಂದಿನಂತೆ ಮುಟ್ಟಾಯಿತು. ಅದರ ಮುಂದಿನ ಸಲ ಪದರ ಮತ್ತೆ ಹಾಳೆಯೇ.

ಒಂದು ಸಂಜೆ ಚಾಚಿ ಬುಟ್ಟಿಯ ತಳದಿಂದ ಕಾಗದದಲ್ಲಿ ಸುತ್ತಿದ ಏನನ್ನೋ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಎಳೆಗೂಸಿಗೆ 'ದೃಷ್ಟಿ' ಆಗದಿರಲೆಂದು ಹಾಕುವ ಕಪ್ಪು ಬಳೆಗಳು, ಒಂದು ಜೊತೆ. "ಬೇಟಿಗೆ ಹಾಕು. ನನ್ನ ಕಡೀಂದ," ಎಂದಳು. ಬೇಡವೆನ್ನಲು ನನ್ನ ಹತ್ತಿರ ಯಾವ ಮಾತಿತ್ತು? ಆ ಬಳೆಗಳ ಒಳಗೆ ನನ್ನ ಎರಡು ಬೆರಳು ಮಾತ್ರ ಹೋಗುತ್ತಿದ್ದವು. ಮನೆಗೆ ಬಂದು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟೆ.

ಆಮೇಲಿನ ಸಂತೆಯ ದಿನ ಅತ್ತೆ ಉಂಡೆ ಕಟ್ಟಿದವರೇ ತಲೆ ಬಾಚಿಕೊಂಡು ಹೊಸ ಸೀರೆ ಉಟ್ಟರು. "ನಾಳೆ ದವಾಖಾನಿಗೆ ನಾನೂ ಬರ್ತೀನಿ. ಆ ಟೀವ್ಯಾಗ ಏನ ಕಾಣತೈತಿ, ನನಗೂ ತೋರಸ್ಲಿ," ಎಂದರು. ರೈಲಿನಲ್ಲಿ ಚಾಚಿ ಇರುತ್ತಾಳಲ್ಲ. ಬಸ್ಸಿಗೆ ಹೋಗೋಣ ಎಂದೆ. ಬಸ್ಸಿನಲ್ಲಿ ವಾಂತಿಯಾಗುತ್ತದೆ ಎಂದರು. ಬೇರೆ ಬೋಗಿ ಹತ್ತಿಸಿದೆ, ಚಾಚಿ ಕಿಟಕಿಯಿಂದ ನನ್ನನ್ನು ನೋಡಿ ಬುಟ್ಟಿ ಎತ್ತಿಕೊಂಡು ಅಲ್ಲಿಗೇ ಬಂದಳು. ಅತ್ತೆಯ ಪಕ್ಕದಲ್ಲೇ ಕೂತಳು.

"ಇವರು ಯಾರು, ಬೇಟಿ?"

"ನಮ್ಮ ಅತ್ತಿಯವರು."

ಚಾಚಿ ಸಂಭ್ರಮದಿಂದ ಅತ್ತೆಯ ಕಡೆ ತಿರುಗಿದಳು. "ನೀವು ಇಲ್ಲಿಗೆ ಬಂದ್ರ ಅಲ್ಲಿ ಕೂಸಿನ್ನ ಯಾರ ನೋಡ್ತಾರ್ರೀ? ಅಜ್ಜೀ ಕಡೇನ ಇರತೈತಿ ಅಂತಿದ್ಲು ನಿಮ್ಮ ಸೊಸಿ."

ರೈಲು ಒಂದೇ ಸಮ ಸದ್ದು ಮಾಡುತ್ತಿತ್ತು. ನಾನು ಕಿಟಕಿಯ ಸರಳನ್ನು ಹಿಡಿದುಕೊಂಡೆ. ಅತ್ತೆ ಚಾಚಿಯನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ತೊಡೆಯ ಮೇಲಿನ ಡಬ್ಬಿಯನ್ನು ನೋಡಿದರು. ಆ ನಾಲಿಗೆ ನನಗೆ ಗೊತ್ತಿತ್ತು. ಅದು ಏಳುವುದನ್ನೇ ಕಾಯುತ್ತ ಕೂತೆ.

"ಅವರಪ್ಪ ನೋಡತಾನ," ಎಂದರು ಅತ್ತೆ. "ಒಂದ ದಿನ ಗಂಡಸ್ರಿಗೂ ತಿಳೀಲಿ."

ಚಾಚಿ ಬಿದ್ದು ಬಿದ್ದು ನಕ್ಕಳು. "ಯಾರಂಗ ಅದಾಳ್ರೀ?"

"ಬಣ್ಣ ಇಕೀದು," ಎಂದು ಅತ್ತೆ ನನ್ನ ಕಡೆ ಗದ್ದ ತೋರಿಸಿದರು. "ಮೂಗು ನಂದು. ಹಟಾನೂ ನಂದ. ಎತ್ತಿಕೊಳ್ಳೂತನಕ ಬಿಡೂದಿಲ್ಲ."

ಬೆಳಗಾವಿ ಬರುವವರೆಗೂ ಅವರಿಬ್ಬರೂ ಆ ಮಗುವಿನ ಬಗ್ಗೆ ಮಾತಾಡಿದರು. ನನಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಗೊತ್ತಾಯಿತು. ಅವಳಿಗೆ ಎಣ್ಣೆನೀರು ಎಂದರೆ ಆಗದಂತೆ. ಬೆಕ್ಕನ್ನು ಕಂಡರೆ ಕೇಕೆ ಹಾಕುತ್ತಾಳಂತೆ. ಅತ್ತೆ ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ಹೇಳುತ್ತಿದ್ದರು, ನಾನು ಬಾಯಿ ತೆರೆದು ಕೇಳುತ್ತಿದ್ದೆ. ಅವರೂ ಎಷ್ಟು ಕಾಲದಿಂದ ಅವಳನ್ನು ಸಾಕುತ್ತಿದ್ದರೋ ಯಾರಿಗೆ ಗೊತ್ತು.

ಇಳಿದ ಮೇಲೆ ಚಾಚಿ ತನ್ನ ದಾರಿ ಹಿಡಿದಳು. ನಾವಿಬ್ಬರೂ ಪ್ಲಾಟ್‌ಫಾರ್ಮಿನ ಗುಂಟ ನಡೆದೆವು. ಅತ್ತೆ ನನ್ನ ಮುಖ ನೋಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಕೇಳಿದರು:

"ಹೆಸರ ಇಟ್ಟೀಯೇನು?"

"ಇಲ್ಲರಿ."

"ಇಡಬ್ಯಾಡ. ಹೆಸರ ಇಟ್ರ ಬಿಡಾಕ ಆಗೂದಿಲ್ಲ."

ನಲ್ಲಿಯ ಹತ್ತಿರ ಬಂದೆವು. ಅತ್ತೆ ನಿಂತರು. ದನಿ ತಗ್ಗಿಸಿ, ಗುಟ್ಟು ಕೇಳುವವರ ಹಾಗೆ, "ನಗತಾಳೇನು?" ಎಂದರು.

"ಹೂಂನ್ರಿ."

"ಹಂಗಿದ್ರ ಆತು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ನಡೆದರು.

ಮರುದಿನ ಸ್ಕ್ಯಾನಿಂಗಿನ ಪರದೆಯನ್ನು ಅತ್ತೆಗೂ ತೋರಿಸಿದರು. ಕಪ್ಪಿನ ನಡುವೆ ಬಿಳಿ ಗೆರೆ. "ಇದ ಏನ್ರೀ? ಇದ ಅಷ್ಟ?" ಎಂದು ಕೇಳಿದರು. ಡಾಕ್ಟರು ನನ್ನ ಹೆಗಲ ಮೇಲೆ ಕೈಯಿಟ್ಟು, ಇನ್ನು ಗುಳಿಗೆ ಹೆಚ್ಚಿಸುವುದರಲ್ಲಿ ಅರ್ಥವಿಲ್ಲ, ಬೇಕಾದರೆ ಪುಣೆಗೋ ಮುಂಬಯಿಗೋ ಬರೆದುಕೊಡುತ್ತೇನೆ, ಅಲ್ಲಿಯೂ ಆಗಿಯೇ ತೀರುತ್ತದೆ ಎಂದು ಹೇಳಲಾರೆ ಎಂದರು. ಆ ವಾರ ನಾವು ಕಮಲ ಬಸದಿಯ ಮೆಟ್ಟಿಲ ಮೇಲೆ ಕತ್ತಲಾಗುವವರೆಗೆ ಕೂತೆವು. ಹೋಗೋಣವೇ ಎಂದು ನಮ್ಮವರು ಕೇಳಿದರು. ನನಗೆ ಸಾಕಾಗಿತ್ತು. ನೀರು ಕುಡಿದು ಕೂರುವುದು, ಎಷ್ಟು ಎಂದು ಕೇಳುವುದು, ತಿಂಗಳ ಕೊನೆಗೆ ಬಚ್ಚಲುಮನೆಯಲ್ಲಿ ಒಬ್ಬಳೇ ಅಳುವುದು, ಎಲ್ಲ ಸಾಕಾಗಿತ್ತು. ಬೇಡ ಎಂದೆ. "ನಿನಗ ಸಾಕಂದ್ರ ನನಗೂ ಸಾಕು," ಎಂದರು. ಹಿಡಿದ ನನ್ನ ಕೈಯನ್ನು ಬಿಡಲಿಲ್ಲ.

ಈ ಸುದ್ದಿ ಹೇಳಲು ಖಾನಾಪುರಕ್ಕೆ ಹೋದದ್ದು ರವಿವಾರ. ಅತ್ತೆ ಎಲ್ಲ ಕೇಳಿಸಿಕೊಂಡರು. ಎದ್ದು, ಬೀದಿಬಾಗಿಲನ್ನು ಪೂರ್ತಿ ತೆರೆದಿಟ್ಟು, ಬಾಣಲೆಗೆ ತುಪ್ಪ ಸುರಿದರು.

"ಅತ್ತೀ, ಇವತ್ತ ಸಂತಿ ಇಲ್ಲರಿ. ಓಣಿ ತುಂಬ ಮಂದಿ ಅದಾರ."

"ಇರಲಿ."

"ಇನ್ನ ಯಾತಕ್ಕರಿ ಇದು?"

"ಯಾಕ, ನಿನಗ ಸೊಂಟ ಇಲ್ಲೇನು?"

ಅಂಟು ಅರಳಿತು. ವಾಸನೆ ಹೊಸ್ತಿಲು ದಾಟಿತು. ಕಾಕೂ ಬಂದೇ ಬಂದರು, ಅವರ ಹಿಂದೆ ಎದುರು ಮನೆಯವರೂ. ಮತ್ತೆ ಅದೇ ಕಣ್ಣುಗಳು ನನ್ನ ಹೊಟ್ಟೆಯ ಮೇಲೆ. ಅತ್ತೆ ಈ ಸಲ ಸೊಂಟದ ಮೇಲೆ ಕೈಯಿಡಲಿಲ್ಲ. ನೆಟ್ಟಗೆ ಎದ್ದು ನಿಂತರು.

"ನಮ್ಮ ಸೊಸಿಗೆ ಮಾಡಾಕತ್ತೇನಿ," ಎಂದರು. "ಹಡದಿಲ್ಲ. ಹಡಿಯೂದೂ ಇಲ್ಲ. ತಿನ್ಲಿ ಅಂತ ಮಾಡಾಕತ್ತೇನಿ. ನೀವೂ ಕುಂದರ್ರಿ, ಒಂದೊಂದ ತಿಂದ ಹೋಗ್ರಿ."

ಅವರು ಕೂತರು. ತಿಂದರು. ಕಾಕೂ ನನ್ನ ತಲೆ ಸವರಿ ಹೋದರು. ಎಲ್ಲರಿಗಿಂತ ಮುಂಚೆ, ಅವರ ಎದುರೇ, ಅತ್ತೆ ಮೊದಲ ಉಂಡೆಯನ್ನು ಎಂದಿನಂತೆ ನನ್ನ ಬಾಯಿಗಿಟ್ಟಿದ್ದರು, ನಾನು ಕಣ್ಣೀರಿನ ಜೊತೆಗೇ ತಿಂದಿದ್ದೆ. ಆಮೇಲೆ ಅವರು ಇರುವವರೆಗೂ ಪ್ರತಿ ಚಳಿಗಾಲ ನನಗೆ ಡಬ್ಬಿ ಬಂದೇ ಬರುತ್ತಿತ್ತು. ರೈಲಿನ ಮಾತನ್ನು ಮಾತ್ರ ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಸಂತೆಯ ದಿನದ ಓಡಾಟ ನಿಂತ ಮೇಲೆ ಚಾಚಿಯೂ ಸಿಗಲಿಲ್ಲ. ಅತ್ತೆ ಹೋದ ಮೇಲೆ ನಾನು ಅಂಟು ಹುರಿದಿಲ್ಲ. ಬಾಣಲೆಯ ಮುಂದೆ ಒಬ್ಬಳೇ ನಿಲ್ಲಲು ಮನಸ್ಸು ಬರಲಿಲ್ಲ.

ಹಡೆಯದವಳು ತೊಟ್ಟಿಲಿನಿಂದ ಎಷ್ಟು ದೂರ ನಿಲ್ಲಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ, ಕಾಲಿಗೆ ತಾನೇ ಗೊತ್ತಾಗುತ್ತದೆ. ಇಷ್ಟು ವರ್ಷ ನಾನು ಹೆಸರಿಡುವ ಕಾರ್ಯಗಳಿಗೆ ಹೋದರೆ ನೇರ ಅಡುಗೆಯ ಕಡೆ ಹೋಗಿ ಬಡಿಸುವ ಕೆಲಸ ಹಿಡಿಯುತ್ತಿದ್ದೆ. ನನ್ನಷ್ಟು ಚುರುಕಾಗಿ ಬಡಿಸುವವರಿಲ್ಲ ಎಂದು ಹೆಸರೂ ಬಂದಿದೆ.

ಇವತ್ತು ಬೆಳಿಗ್ಗೆ ಒಳಗಿನಿಂದ ನಮ್ಮವರು, "ಮ್ಯಾಲಿನವ್ರ ಮನ್ಯಾಗ ಹಡದ್ರೇನ?" ಎಂದು ಕೂಗಿ ಕೇಳಿದರು. ಅವರ ಮೂಗಿಗೂ ಮುಟ್ಟಿರಬೇಕು. ನಾನು ಕಡ್ಡಿ ತುಂಬಿದ ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದೆ. ಬೀರು ತೆಗೆದೆ, ರೇಷ್ಮೆ ಸೀರೆಗಳ ಕೆಳಗೆ ಕೈ ಹಾಕಿದೆ. ಕಾಗದ ಪುಡಿಪುಡಿಯಾಗಿತ್ತು. ಬಳೆಗಳು ಮಾತ್ರ ಹಾಗೆಯೇ ಕರ್ರಗೆ ಹೊಳೆಯುತ್ತಿದ್ದವು.

ಮೇಲಿನ ಮನೆಯವರು ಹೊಸಬರು. ಮಗಳ ಬಾಣಂತನಕ್ಕೆಂದು ಗೋಕಾಕದಿಂದ ಬಂದಿದ್ದ ತಾಯಿ ಬಾಗಿಲು ತೆರೆದರು. ಕೈಯೆಲ್ಲ ತುಪ್ಪ, ಮುಖದಲ್ಲಿ ಚಿಂತೆ. "ಬರ್ರಿ, ಬರ್ರಿ. ಅಂಟು ಯಾಕೋ ನೆಟ್ಟಗ ಅರಳವಲ್ದು ನೋಡ್ರಿ."

"ಉರಿ ಸಣ್ಣ ಮಾಡ್ರಿ," ಎಂದೆ. "ಚೂರಚೂರ ಹಾಕ್ರಿ." ಬಾಣಲೆಯ ಮುಂದೆ ನಿಂತು ಎರಡು ಹಿಡಿ ಅರಳಿಸಿಕೊಟ್ಟೆ. ಕೈ ಮರೆತಿರಲಿಲ್ಲ. ಆಮೇಲೆ ಕೇಳಿದೆ, "ಗಂಡೋ, ಹೆಣ್ಣೋ?"

"ಹೆಣ್ಣು. ಒಳಗ ಬರ್ರಿ, ನೋಡ್ರಿ."

ಕಾಲು ಹೊಸ್ತಿಲಲ್ಲಿ ಒಮ್ಮೆ ತಡೆಯಿತು, ಆಮೇಲೆ ದಾಟಿತು. ತೊಟ್ಟಿಲಲ್ಲಿ ದಟ್ಟ ಕೂದಲಿನ ಕೂಸು ಮುಷ್ಟಿ ಮುಚ್ಚಿ ಮಲಗಿತ್ತು. ನಾನು ಬಗ್ಗಿ, ಎಬ್ಬಿಸಬಾರದೆಂದು ಉಸಿರನ್ನು ಮೆಲ್ಲಗೆ ಬಿಡುತ್ತ, ಒಂದೊಂದೇ ಕೈಗೆ ಬಳೆ ಏರಿಸಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು.

"ಅಯ್ಯ, ಹಳೇ ಕಾಲದ ಬಳಿ! ಈಗೆಲ್ಲಿ ಸಿಗತಾವ ಇಂಥಾವು," ಎಂದರು ಆ ತಾಯಿ. "ಯಾರ್ವ್ರೀ ಇವು?"

"ನಮ್ಮ ಹುಡುಗೀವು," ಎಂದೆ. "ಈಗ ಅಕೀಗೆ ಸಣ್ಣ ಆಗತಾವ."